ಕಮಾಂಡರ್ ಮುಂಗುಸಿಯ ಮೂಗು

ಬಾಗಿಲು ಗರ್ರೆಂದಿತು. ಅವಳ ಕೈ ಮೂಗಿಗೆ ಹೋಯಿತು.

ನಡೆದದ್ದು ಇಷ್ಟೇ. ಒಲೆಯ ಪಕ್ಕ ನಿಂತು ಈರುಳ್ಳಿ ಹೆಚ್ಚುತ್ತಿದ್ದವಳ ಎಡಗೈ ಈರುಳ್ಳಿಯನ್ನು ಬಿಟ್ಟು ತಾನಾಗಿ ಮೇಲೆದ್ದಿತ್ತು. ಹೆಬ್ಬೆರಳೂ ತೋರುಬೆರಳೂ ಸೇರಿ ಮೂಗಿನ ಹೊಳ್ಳೆಗಳನ್ನು ಒತ್ತಿ ಹಿಡಿದಿದ್ದವು. ಕತ್ತು ತಿರುಗಿಸಿದರೆ ಹೊಸ್ತಿಲಲ್ಲಿ ಅಪ್ಪ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಕೈಯಲ್ಲಿ ಗಂಬೂಟು, ಬಗಲಲ್ಲಿ ಕೆಲಸದ ಬಟ್ಟೆಯ ಗಂಟು. ಊರಿನ ಒಳಚರಂಡಿಗೆ ಇಳಿದು ಹತ್ತಿ ಬಂದ ಮೈಯಿಂದ, ಅವಳು ಹುಟ್ಟಿದಾಗಿನಿಂದ ಬರುತ್ತಿದ್ದ ಅದೇ ವಾಸನೆ.

ಆ ವಾಸನೆಯ ಮಡಿಲಲ್ಲಿ ಮಲಗಿ ಬೆಳೆದವಳು ಅವಳು. ಅದರ ಹೆಗಲ ಮೇಲೆ ಕೂತು ಊರು ನೋಡಿದವಳು. ಒಂದು ದಿನವೂ ಮೂಗು ಮುರಿದವಳಲ್ಲ. ಈಗ ಅವಳ ಮೂಗು ಅವಳದೇ ಬೆರಳುಗಳ ನಡುವೆ ಸಿಕ್ಕಿಬಿದ್ದಿತ್ತು.

"ಈರುಳ್ಳಿ ಖಾರ," ಎಂದಳು, ಕೈ ಇಳಿಸುತ್ತಾ.

"ಹೌದೌದು," ಎಂದ ಅಪ್ಪ. "ಈ ಸಲದ ಈರುಳ್ಳಿ ಸಿಕ್ಕಾಪಟ್ಟೆ ಖಾರ."

ಈರುಳ್ಳಿಯ ಖಾರ ಹತ್ತುವುದು ಕಣ್ಣಿಗೆ, ಮೂಗಿಗಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಒಳಗಿಟ್ಟಿದ್ದ ಕಾಲನ್ನು ಮೆಲ್ಲಗೆ ಹೊರಗೆ ತೆಗೆದುಕೊಂಡ. "ನಲ್ಲಿ ಹತ್ರ ಹೋಗಿ ಬರ್ತೀನಿ ಮಗಳೇ," ಎಂದು ಬಾಗಿಲು ಎಳೆದುಕೊಂಡ. ಅದು ಮತ್ತೆ ಗರ್ರೆಂದಿತು. ಅವಳು ಎಡಗೈಯನ್ನು ಬಲಗೈಯಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಳು, ಕಚ್ಚುವ ನಾಯಿಯನ್ನು ಹಿಡಿದ ಹಾಗೆ.

ಆ ಕೈಯನ್ನು ಪಳಗಿಸಿದ್ದು ಡಬ್ಬಿಂಗ್ ರೂಮು. ಮಕ್ಕಳೆಲ್ಲ ಊಟ ತಿಂಡಿ ಮರೆತು ನೋಡುವ ಕಾರ್ಟೂನೊಂದಕ್ಕೆ ಅವಳು ಧ್ವನಿ ಕೊಡುತ್ತಿದ್ದಳು. ಲೋಕವನ್ನು ಕಾಪಾಡುವ ಪ್ರಾಣಿ ಗೂಢಚಾರರ ಕಥೆ. ಅದರಲ್ಲಿ ಕೊಕ್ಕರೆ ಏಜೆಂಟ್ ಒಂದು ಮೀಸೆ ಅಂಟಿಸಿಕೊಂಡರೆ ಸಾಕು, ಆ ಉದ್ದ ಕೊಕ್ಕು, ಆ ಉದ್ದ ಕಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೆ ವಿಜ್ಞಾನಿ ಕಂಡುಹಿಡಿದ ಯಂತ್ರ ಮೊದಲು ಆಮೆಯ ತಲೆಯ ಮೇಲೆಯೇ ಸಿಡಿಯಬೇಕು. ಖಳನಾಯಕ ಗೂಬೆ, ಕಟ್ಟಿಹಾಕಿದ ಏಜೆಂಟರ ಮುಂದೆ ತನ್ನ ಸಂಚನ್ನೆಲ್ಲ ಅಜ್ಜಿಕಥೆಯ ಹಾಗೆ ಬಿಡಿಸಿ ಹೇಳುತ್ತಾ ಕೂರಬೇಕು. ಅಷ್ಟರಲ್ಲಿ ಇವರು ಹಗ್ಗ ಬಿಚ್ಚಿಕೊಳ್ಳಬೇಕು. ಇವರಿಗೆಲ್ಲ ನಾಯಕಿ ಕಮಾಂಡರ್ ಮುಂಗುಸಿ. ಅದು ಅವಳ ಪಾತ್ರ. ಸ್ಟುಡಿಯೋದ ಗೇಟಿನವನಿಂದ ಹಿಡಿದು ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಕಮಾಂಡರ್ ಎಂದು.

ಇನ್ನೊಬ್ಬ ಏಜೆಂಟ್ ಇದ್ದ. ಹೆಗ್ಗಣ. ಊರಿನ ಕೆಳಗಿನ ಚರಂಡಿಗಳಲ್ಲೆಲ್ಲ ಓಡಾಡಿ ಗೂಬೆಯ ಗುಟ್ಟನ್ನು ಹೊತ್ತು ತರುವವನು ಅವನೇ. ಅವನು ತರದಿದ್ದರೆ ಕಥೆ ಮುಂದೆ ಹೋಗುವುದಿಲ್ಲ, ಲೋಕ ಉಳಿಯುವುದಿಲ್ಲ. ಪ್ರತಿವಾರ ಅವನು ನೆಲದ ಮುಚ್ಚಳ ಎತ್ತಿ ತಲೆ ಹೊರಹಾಕುತ್ತಾನೆ, ಮುಚ್ಚಳ ಗರ್ರೆನ್ನುತ್ತದೆ, ಎಲ್ಲ ಪ್ರಾಣಿಗಳೂ ಮೂಗು ಮುಚ್ಚಿಕೊಳ್ಳುತ್ತವೆ. ಕಮಾಂಡರ್ ಮೂಗಿನಲ್ಲೇ ಹೇಳುತ್ತಾಳೆ: "ದೂರ ನಿಲ್ಲು! ಮೈ ನಾರುತ್ತೆ!" ಮನೆಮನೆಯಲ್ಲೂ ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಲೋಕ ಉಳಿಸಿದವನಿಗೆ ಲೋಕ ಕೊಡುವ ಸಂಬಳ ಅದು.

ಮೂಗಿನ ಧ್ವನಿಯನ್ನು ನಟಿಸಿ ತರಬಹುದಿತ್ತು. ನಿರ್ದೇಶಕರು ಒಪ್ಪುತ್ತಿರಲಿಲ್ಲ. "ನಟನೆ ಮಾಡಿದ್ರೆ ಮೈಕು ಹಿಡಿದು ಕೊಟ್ಟುಬಿಡುತ್ತೆ. ನಿಜವಾಗಿ ಹಿಡೀರಿ ಮೂಗು," ಎನ್ನುತ್ತಿದ್ದರು. ಹಾಗಾಗಿ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಮುಚ್ಚಳದ ಸದ್ದು ಬಂದೊಡನೆ ಸುತ್ತ ನಿಂತವರೆಲ್ಲ ಒಟ್ಟಿಗೆ ಕೈ ಎತ್ತಿ ಮೂಗು ಹಿಡಿಯುವುದು, ನಡುವೆ ಹೆಗ್ಗಣದ ಪಾತ್ರದವರು ನಿಂತಿರುವುದು, ರೂಮಿನ ಪದ್ಧತಿಯಾಗಿಬಿಟ್ಟಿತ್ತು. ಮಧ್ಯಾಹ್ನದ ಊಟವಾದ ಮೇಲೆ ಆಮೆ ಪಾತ್ರದವರು ನಿಂತಲ್ಲೇ ತೂಕಡಿಸುತ್ತಿದ್ದರು. ಸದ್ದು ಬಂದರೆ ಕಣ್ಣು ಬಿಡುವ ಮೊದಲು ಮೂಗು ಹಿಡಿಯುತ್ತಿದ್ದರು. ಟೇಕು, ಮತ್ತೊಂದು ಟೇಕು, ಮತ್ತೊಂದು.

ಆ ಗರ್ರೆನ್ನುವ ಸದ್ದು ಅವಳ ಮನೆಯದೇ. ಶುರುವಿನಲ್ಲಿ ಸೌಂಡಣ್ಣ, ಅಂದರೆ ಸದ್ದುಗಳ ಕೆಲಸ ನೋಡಿಕೊಳ್ಳುವವನು, ಯಾವ್ಯಾವುದೋ ಮುಚ್ಚಳ ಎಳೆದು ನೋಡಿ ಬೇಸತ್ತಿದ್ದಾಗ ಅವಳೇ ಹೇಳಿದ್ದಳು: "ನಮ್ಮನೆ ಬಾಗಿಲಿಗಿಂತ ಚೆನ್ನಾಗಿ ಗರ್ರನ್ನೋದು ಈ ಊರಲ್ಲೇ ಇಲ್ಲ ಬಿಡಣ್ಣ." ಸೌಂಡಣ್ಣ ಮೈಕು ಹೊತ್ತು ಮನೆಗೇ ಬಂದ. ಕೆಳಗಿನ ಅಂಚು ನೆಲಕ್ಕೆ ಉಜ್ಜುತ್ತಿದ್ದ, ತಿರುಗಣಿಗೆ ತುಕ್ಕು ಹಿಡಿದಿದ್ದ ಆ ಬಾಗಿಲನ್ನು ಅಪ್ಪ ತೋಳು ನೋಯುವವರೆಗೂ ತೆಗೆಯುವುದು, ಮುಚ್ಚುವುದು ಮಾಡಿದ್ದ. "ಇನ್ನೂ ಸ್ವಲ್ಪ ನಿಧಾನಕ್ಕೆ ಎಳೀಲಾ ಸಾರ್? ಅಳೋ ತರ ಬೇಕಾ, ಬೈಯೋ ತರ ಬೇಕಾ?" ಆಮೇಲೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಅವನದೇ ಡಂಗುರ: "ಮಗಳು ಹೋಗ್ಲಿ, ನಮ್ಮನೆ ಬಾಗ್ಲೂ ಟೀವೀಲಿ ಆಕ್ಟ್ ಮಾಡುತ್ತೆ!"

ಕಾರ್ಟೂನು ಬರುವ ಹೊತ್ತಿಗೆ ಅಪ್ಪ ಟೀವಿಯ ಮುಂದೆ ನೆಲಕ್ಕೆ ಕೂತುಬಿಡುತ್ತಿದ್ದ. ಮುಚ್ಚಳ ಎದ್ದರೆ, "ನಮ್ಮೋನು ಬಂದ, ನಮ್ಮೋನು ಬಂದ!" ಎಂದು ತೊಡೆ ತಟ್ಟುತ್ತಿದ್ದ. ಪ್ರಾಣಿಗಳು ಮೂಗು ಮುಚ್ಚಿಕೊಂಡರೆ ಅದಕ್ಕೂ ನಗು. "ಪೆದ್ದು ಮುಂಡೇವು! ಮೂಗು ಮುಚ್ಕೊಂಡು ಕೆಳಗಿಳಿದೋನು ಮೇಲೆ ಬರಲ್ಲ ಕಣೇ. ಅಲ್ಲಿ ವಿಷಗಾಳಿ ಕಣ್ಣಿಗೆ ಕಾಣುತ್ತಾ? ಮೂಗೇ ನಮಗೆ ಕಣ್ಣು."

ಈರುಳ್ಳಿಯ ಸಂಜೆಯಿಂದಾಚೆಗೆ ಅಪ್ಪ ಟೀವಿಯನ್ನು ಹೊಸ್ತಿಲಾಚೆಯ ಮೆಟ್ಟಿಲ ಮೇಲೆ ಕೂತು ನೋಡತೊಡಗಿದ. "ಒಳಗೆ ಸೆಕೆ," ಎಂದ. ಕೆಲಸ ಮುಗಿಸಿ ಬಂದವನು ಬೀದಿ ನಲ್ಲಿಯ ಹತ್ತಿರ ಅರ್ಧ ಮೈ ತಿಕ್ಕಿ, ಕೂದಲಿಂದ ನೀರು ತೊಟ್ಟಿಕ್ಕಿಸುತ್ತಾ ಮನೆಗೆ ಬರುತ್ತಿದ್ದ. ನೀರಿನ ಡ್ರಮ್ಮಿನ ಹಿಂದೆ ಒಂದು ಸೋಪು ಸಿಕ್ಕಿತು ಅವಳಿಗೆ, ಹಳದಿ ಬಣ್ಣದ್ದು, ಘಮ್ಮೆನ್ನುವಂಥದ್ದು. ಜನ್ಮದಲ್ಲಿ ಅಪ್ಪ ಅಂಥ ಸೋಪು ಕೊಂಡವನಲ್ಲ. ಅದು ದಿನದಿನಕ್ಕೆ ತೆಳ್ಳಗಾಗಿ ಎಲೆಯಂತಾಗಿತ್ತು. ಟೀವಿಯಲ್ಲಿ ಮುಚ್ಚಳ ಗರ್ರೆನ್ನುವ ಮೊದಲೇ ಅಪ್ಪ ನಕ್ಕುಬಿಡುತ್ತಿದ್ದ. ತನಗೇನೂ ಬೇಜಾರಿಲ್ಲ ಎಂದು ಅವಳಿಗೆ ಕೇಳಿಸಲಿ ಅಂತ, ಜೋರಾಗಿ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ನಗುವನ್ನು ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಗಂಬೂಟು ಹಾಕಿಕೊಳ್ಳುತ್ತಿದ್ದವನ ಎದುರು ಕುಕ್ಕರಗಾಲಲ್ಲಿ ಕೂತು ಹೇಳಿಯೇಬಿಟ್ಟಳು.

"ಅಪ್ಪಾ, ಅವತ್ತು ನಾನು ಬೇಕಂತ ಮಾಡಿದ್ದಲ್ಲ. ರೂಮಲ್ಲಿ ಆ ಸದ್ದು ಬಂದ್ರೆ ಮೂಗು ಹಿಡೀಬೇಕು. ಹಿಡಿದೂ ಹಿಡಿದೂ ಕೈಗೆ ಅದೇ ರೂಢಿಯಾಗಿದೆ. ನಮ್ಮ ಬಾಗಿಲೂ ಅದೇ ಸದ್ದು ಮಾಡ್ತು, ಕೈ ಹೋಯ್ತು. ನಿನ್ನ ನೋಡಿ ಅಲ್ಲ."

"ಸದ್ದಿಗಾ?" ಅಪ್ಪನ ಮುಖ ಬಿಚ್ಚಿಕೊಂಡಿತು. "ಬರೀ ಸದ್ದಿಗಾ? ಅಯ್ಯೋ ಹುಚ್ಚಿ, ಅದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ? ನಾನೂ ನಿದ್ದೇಲಿ ಮುಚ್ಚಳ ಎತ್ತುತ್ತಾ ಇರ್ತಿದ್ನಂತೆ, ನಿಮ್ಮಮ್ಮ ಇದ್ದಾಗ ಹೇಳ್ತಿದ್ದಳು. ಒಂದ್ಸಲ ಅವಳನ್ನೇ ಎತ್ತೋಕೆ ಹೋಗಿದ್ನಂತೆ!" ನಕ್ಕ, ಎದ್ದ, ಹೊರಟ. ಗೇಟಿನ ಹತ್ತಿರ ತಿರುಗಿ, "ಸದ್ದಿಗೆ ಮದ್ದಿದೆ ಬಿಡು," ಎಂದ. ಅಂದು ಸಂಜೆಯೂ ನಲ್ಲಿಯ ಹತ್ತಿರವೇ ಮೈ ತಿಕ್ಕಿಕೊಂಡ.

ಮುಂದಿನ ರೆಕಾರ್ಡಿಂಗಿನಲ್ಲಿ ಹೆಗ್ಗಣಕ್ಕೆ ಪದಕ. ಊರು ಉಳಿಸಿದ್ದಕ್ಕೆ ಎಲ್ಲರ ಮುಂದೆ ಪದಕ ಕೊಡಬೇಕು. ತಮಾಷೆ ಏನೆಂದರೆ, ಕಮಾಂಡರ್ ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಲ್ಲಿ ಉದ್ದನೆಯ ಕೋಲಿನ ತುದಿಗೆ ಪದಕ ನೇತುಹಾಕಿ ದೂರದಿಂದ ಚಾಚುತ್ತಾಳೆ. ಪರದೆಯ ಮೇಲೆ ಚಿತ್ರ ಓಡಿತು. ನಿರ್ದೇಶಕರು ಗಾಜಿನಾಚೆ ಕೂತು ಆಗಲೇ ನಗುತ್ತಿದ್ದರು.

ಮುಚ್ಚಳ ಗರ್ರೆಂದಿತು. ಎಲ್ಲರ ಕೈಯೂ ಮೂಗಿಗೆ ಹೋಯಿತು. ಅವಳ ಎಡಗೈಯೂ ಎದ್ದಿತು; ಎದೆಯವರೆಗೆ ಬಂದದ್ದನ್ನು ಬಲಗೈಯಿಂದ ಹಿಡಿದು ಕೆಳಗೆಳೆದಳು.

"ಕಟ್. ಕಮಾಂಡರ್, ಮೂಗು ಮರೆತ್ರಿ."

"ಮರೀಲಿಲ್ಲ ಸರ್. ನಾನು ಮೂಗು ಹಿಡಿಯಲ್ಲ."

"ಯಾಕಮ್ಮ, ನೆಗಡಿಯಾ?"

ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. "ನಮ್ಮಪ್ಪ ಚರಂಡಿ ಕೆಲಸದವನು ಸರ್."

ಅದು ಆ ರೂಮಿನಲ್ಲಿ ಸೌಂಡಣ್ಣನೊಬ್ಬನಿಗೆ ಗೊತ್ತಿದ್ದ ವಿಷಯ. ನಿರ್ದೇಶಕರು ಕೆಟ್ಟವರೇನಲ್ಲ. ಕುರ್ಚಿ ಬಿಟ್ಟೆದ್ದು ಒಳಗೇ ಬಂದರು, ದನಿ ತಗ್ಗಿಸಿದರು. "ನೋಡಮ್ಮ, ಇದು ಕಾರ್ಟೂನು. ಆಮೆ ತಲೆ ಮೇಲೆ ವಾರವಾರ ಬಾಂಬ್ ಸಿಡಿಯುತ್ತೆ, ಆಮೆಗಳು ಬಂದು ಕಂಪ್ಲೇಂಟ್ ಕೊಟ್ವಾ? ನಗು ಅಂದ್ರೆ ಹೀಗೇನೇ. ಇದರಲ್ಲಿ ಯಾರಿಗೂ ನೋವಿಲ್ಲ."

"ಆಮೆ ತಲೆ ಮೇಲೆ ಸಿಡಿದ ಬಾಂಬು ಟೀವಿ ಒಳಗೇ ಉಳಿಯುತ್ತೆ ಸರ್. ಇದು ನಮ್ಮನೆಗೆ ಬಂತು."

"ಸರಿ, ಮೂಗು ಹಿಡೀಬೇಡ. ಡೈಲಾಗ್ ಆದ್ರೂ ಹೇಳು. ಬರೆದಿರೋದು ಹೇಳೋಕೆ ಏನಮ್ಮ ಕಷ್ಟ?"

"ಹೇಳ್ತೀನಿ."

ನಿರ್ದೇಶಕರು ಹಿಂದಕ್ಕೆ ಹೋದರು. ಕೆಂಪು ದೀಪ ಹತ್ತಿತು. ಮುಚ್ಚಳ ಗರ್ರೆಂದಿತು. ಈ ಸಲ ಯಾರೂ ಮೂಗು ಹಿಡಿಯಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹೆಗ್ಗಣ ಮಾವ ಎದುರಿಗೆ ನಿಂತಿದ್ದರು. ಹೆಗ್ಗಣಕ್ಕೆ ಧ್ವನಿ ಕೊಟ್ಟೂ ಕೊಟ್ಟೂ ಅದೇ ಹೆಸರಾಗಿಹೋದ, ಹೊಟ್ಟೆ ಬಂದ, ಮಾತಿಗೊಮ್ಮೆ ನಗಿಸುವ ಮನುಷ್ಯ. ಅವಳು ಅವರ ಕಣ್ಣಲ್ಲಿ ಕಣ್ಣಿಟ್ಟು, ತೆರೆದ ಮೂಗಿನಿಂದ ಪೂರಾ ಉಸಿರೆಳೆದುಕೊಂಡು, ತನ್ನ ಸ್ವಂತ ದನಿಯಲ್ಲಿ ಹೇಳಿದಳು:

"ದೂರ ನಿಲ್ಲು. ಮೈ ನಾರುತ್ತೆ."

ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂಗಿನ ಆಟ ಕಳಚಿ ಬಿದ್ದಿತ್ತು, ಅಷ್ಟೇ. ಹೆಗ್ಗಣ ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಬೇಕೆಂದು ಸರಿದದ್ದಲ್ಲ, ಕೆನ್ನೆಗೆ ಏಟು ಬಿದ್ದವರು ಸರಿಯುವ ಹಾಗೆ. ಅವರು ಹೇಳಬೇಕಿದ್ದ ಮಾತು ಬರಲಿಲ್ಲ. ಪರದೆಯ ಮೇಲೆ ಹೆಗ್ಗಣ ಸುಮ್ಮನೆ ಬಾಯಿ ಆಡಿಸುತ್ತಿತ್ತು, ಕೋಲಿನ ತುದಿಯ ಪದಕ ತೂಗಾಡುತ್ತಿತ್ತು. ಸೌಂಡಣ್ಣ ತಲೆ ಬಗ್ಗಿಸಿ ತನ್ನ ಯಂತ್ರದ ಗುಂಡಿಗಳನ್ನೇ ನೋಡುತ್ತಾ ಕೂತ.

"ಹಾಗೆ ಹೇಳಿದ್ರೆ ನಗು ಎಲ್ಲಿ ಬರುತ್ತಮ್ಮ?" ಗಾಜಿನಾಚೆಯಿಂದ ನಿರ್ದೇಶಕರ ದನಿ ಬಂತು. ಮೊದಲಿನ ಗತ್ತು ಅದರಲ್ಲಿರಲಿಲ್ಲ.

"ಅದನ್ನೇ ನಾನೂ ಕೇಳ್ತಿರೋದು ಸರ್."

ನಿರ್ದೇಶಕರು, "ಇವತ್ತಿಗೆ ಸಾಕು," ಎಂದರು. "ನಾಳೆ ಯೋಚನೆ ಮಾಡ್ಕೊಂಡು ಬಾ. ಬೇಡ ಅನ್ನಿಸಿದ್ರೆ ಈಗಲೇ ಹೇಳಿಬಿಡು. ಮುಂಗುಸಿಗೆ ಬೇರೆ ಧ್ವನಿ ಸಿಗದೆ ಇರಲ್ಲ."

ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಹೆಗ್ಗಣ ಮಾವ ಬಂದು ಪಕ್ಕದಲ್ಲಿ ನಿಂತರು. "ಇಷ್ಟು ವರ್ಷ ಆ ಮಾತು ನೀನು ನನಗೇ ಹೇಳ್ತಿದ್ದೆ ಅಂತ ಇವತ್ತೇ ಕಣಮ್ಮ ಕೇಳಿಸಿದ್ದು," ಎಂದರು.

"ತಪ್ಪಾಯ್ತು ಮಾವ."

"ನೀನ್ಯಾಕೆ ತಪ್ಪಾಯ್ತು ಅಂತೀಯ," ಎಂದು ಅವಳ ತಲೆಯ ಮೇಲೆ ಕೈಯಿಟ್ಟು ಹೋದರು.

ಅವಳು ಮನೆ ಮುಟ್ಟಿದಾಗ ಮನೆಗೆ ಬಾಗಿಲೇ ಇರಲಿಲ್ಲ. ಅಪ್ಪ ಅದನ್ನು ಕಳಚಿ ಅಂಗಳದಲ್ಲಿ ಮಲಗಿಸಿಕೊಂಡು, ಯಾರದೋ ಕೀಸುಳಿ ಎರವಲು ತಂದು ಕೆಳಗಿನ ಅಂಚನ್ನು ಹೆರೆಯುತ್ತಿದ್ದ. ಸುತ್ತ ಮರದ ಸುರುಳಿಗಳು. ಕೆಲಸದಿಂದ ನೇರ ಬಂದವನು. ಮೈಮೇಲೆ ಇನ್ನೂ ಅದೇ ಬಟ್ಟೆ.

"ಬಂದ್ಯಾ ಕಮಾಂಡರ್? ಆ ಕಡೆ ಹಿಡ್ಕೋ, ನಿಲ್ಲಿಸಿಬಿಡೋಣ."

ಇಬ್ಬರೂ ಸೇರಿ ಎತ್ತಿ ನಿಲ್ಲಿಸಿದರು. ಅಪ್ಪ ತಿರುಗಣಿಗೆ ಎಣ್ಣೆ ಬಿಟ್ಟು, ಬಾಗಿಲನ್ನು ಒಂದು ಬೆರಳಲ್ಲಿ ತಳ್ಳಿದ. ಅದು ನೀರಿನ ಮೇಲಿನ ದೋಣಿಯ ಹಾಗೆ ಸರಿಯಿತು. "ಕೇಳ್ತಾ? ಏನಾದ್ರೂ ಕೇಳ್ತಾ?" ಮಗುವಿನಂತೆ ಹಿಗ್ಗಿದ. "ಇನ್ನು ನಿನ್ನ ಕೈಗೆ ತೊಂದ್ರೆ ಇಲ್ಲ."

"ಅಪ್ಪಾ, ನಾನಿವತ್ತು ಮೂಗು ಹಿಡೀಲಿಲ್ಲ."

ಬಾಗಿಲ ಮೇಲಿದ್ದ ಅಪ್ಪನ ಬೆರಳು ಅಲ್ಲೇ ನಿಂತಿತು. "ಮತ್ತೆ ಕೆಲಸ?"

"ನಾಳೆ ಹೋದ್ರೆ ಗೊತ್ತಾಗುತ್ತೆ. ನಾಳೆಯೂ ಹಿಡಿಯಲ್ಲ."

"ಬೇಡ ಕಣವ್ವ. ನನಗೋಸ್ಕರ ಕೈಗೆ ಬಂದ ಕೆಲಸ ಕಳ್ಕೋಬೇಡ. ಸದ್ದು ಹೋಯ್ತಲ್ಲ, ಇನ್ನೇನು?"

"ನಿನಗೋಸ್ಕರ ಅಲ್ಲ. ನನ್ನ ಕೈ ನನ್ನ ಮಾತು ಕೇಳ್ಬೇಕು, ಅಷ್ಟೇ."

ಅಪ್ಪ ಬಗ್ಗಿ ಮರದ ಸುರುಳಿಗಳನ್ನು ಒಂದೊಂದಾಗಿ ಆಯತೊಡಗಿದ. ಅವಳು ಡ್ರಮ್ಮಿನ ಹಿಂದಕ್ಕೆ ಕೈ ಹಾಕಿ ಆ ಎಲೆಯಂಥ ಸೋಪನ್ನು ತೆಗೆದುಕೊಂಡು ಒಳಗೆ ಹೋದಳು. ಬಚ್ಚಲಮನೆಯಲ್ಲಿ ತನ್ನ ಸೋಪಿನ ಪಕ್ಕ ಇಟ್ಟಳು. ಒಲೆ ಹಚ್ಚಿ ನೀರಿಟ್ಟಳು. ಈರುಳ್ಳಿ ಸುಲಿಯಲು ಕೂತಳು, ಬಾಗಿಲಿಗೆ ಬೆನ್ನು ಹಾಕಿ.

ಹೊರಗೆ ಡ್ರಮ್ಮು ಕದಲಿದ ಸದ್ದಾಯಿತು. "ಇಲ್ಲೊಂದು ಸೋಪಿತ್ತಲ್ಲ?"

"ಒಳಗಿದೆ."

"ಇಲ್ಲಿಗೆ ಎಸಿ, ನಲ್ಲಿ ಹತ್ರ ಹೋಗಿ ಬರ್ತೀನಿ."

"ಒಳಗೆ ಬಂದು ತಗೋ."

ಒಲೆಯ ಮೇಲೆ ನೀರು ಕುದಿಯತೊಡಗಿತು. ಅವಳು ತಿರುಗಿ ನೋಡಲಿಲ್ಲ. ಒಂದು ಕೈಯಲ್ಲಿ ಚಾಕು, ಒಂದು ಕೈಯಲ್ಲಿ ಈರುಳ್ಳಿ, ಎರಡೂ ಇದ್ದಲ್ಲೇ ಇದ್ದವು. ಬಾಗಿಲು ಸದ್ದು ಮಾಡಲಿಲ್ಲ. ಆದರೂ ಅಪ್ಪ ಒಳಗೆ ಬಂದದ್ದು ಅವಳಿಗೆ ಗೊತ್ತಾಯಿತು.

"ಕೂತ್ಕೋ ಅಪ್ಪಾ," ಎಂದಳು.