ನಾನು ಹೊಗಳದ ಬೊಂಬೆ

ಹಳೆಯ ವಸ್ತುಗಳನ್ನು ಕೂಡಿಡುವವರಲ್ಲಿ ಒಂದು ಕಟ್ಟಳೆಯಿದೆ: ಬೆಲೆ ಏರಬಾರದೆಂದರೆ ಬೇಕಾದದ್ದರತ್ತ ನೋಡಬಾರದು, ಪಕ್ಕದ್ದನ್ನು ಹೊಗಳಬೇಕು. ಏಳು ದಸರೆಗಳ ಕಾಲ ನಾನದನ್ನು ವ್ರತದಂತೆ ಪಾಲಿಸಿದೆ.

ನಮ್ಮೂರಿಗೆ ಹತ್ತಿರದ ವಿಜಯಪುರದ ಲಕ್ಷ್ಮೀದೇವಮ್ಮನವರ ಬೊಂಬೆ ಹಬ್ಬದಲ್ಲಿ, ಐದನೆಯ ಮೆಟ್ಟಿಲ ಮೂಲೆಯಲ್ಲಿ, ಅಂಗೈಯಗಲದ ಪಿಂಗಾಣಿ ಮಂಚವೊಂದಿತ್ತು. ಅದರ ಮೇಲೆ, ಗಂಡನ ಹೊದಿಕೆಯನ್ನು ತನ್ನತ್ತ ಎಳೆದುಕೊಂಡು ನಗುವ ಹೆಂಡತಿ. ಅಡಿಯಲ್ಲಿ ಮಾಸಿದ ಚಿನ್ನದ ಅಕ್ಷರಗಳು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಜಾತ್ರೆಗಳಲ್ಲಿ ಆಟ ಗೆದ್ದವರಿಗೆ ಕೊಡುತ್ತಿದ್ದ ಇಂಥ ಬೊಂಬೆಗಳು ದೊಡ್ಡಬಳ್ಳಾಪುರದ ನನ್ನ ಕಪಾಟಿನಲ್ಲಿ ಹದಿನಾಲ್ಕಿವೆ. ಒಂದೂ ನಗುವುದಿಲ್ಲ. ಇದನ್ನು ಲಕ್ಷ್ಮೀದೇವಮ್ಮನವರ ಮಾವ, ರೇಷ್ಮೆ ನೂಲಿನ ವ್ಯಾಪಾರಿ, ಬೆಂಗಳೂರು ದಂಡಿನ ಹರಾಜಿನಲ್ಲಿ ಕೊಂಡದ್ದಂತೆ.

ವರ್ಷವರ್ಷವೂ ಹೋಗಿ, ಉಸಲಿ ತಿಂದು, ಮಂಚದ ಪಕ್ಕದಲ್ಲಿದ್ದ ಮಣ್ಣಿನ ಶೆಟ್ಟಿ ದಂಪತಿ ಬೊಂಬೆಗಳನ್ನು ಹೊಗಳಿ ಬರುತ್ತಿದ್ದೆ.

"ಬೇಕು ಅಂತ ಕೇಳಿದ್ರೆ ನಾಲಿಗೆ ಬಿದ್ದೋಗುತ್ತೇನ್ರೀ?" ಎನ್ನುತ್ತಿದ್ದಳು ನನ್ನ ಹೆಂಡತಿ ಬನಶಂಕರಿ. "ನನ್ನ ನೋಡೋಕೆ ಬಂದಾಗ್ಲೂ ಹಿಂಗೇ. ನಮ್ಮನೆ ಗಡಿಯಾರ ಹೊಗಳಿ ಎದ್ದು ಹೋಗಿದ್ರಿ."

ಹೋದ ವರ್ಷ, ಬೊಂಬೆಯ ಬೆಲೆ ಲಕ್ಷ್ಮೀದೇವಮ್ಮನವರ ಮನಸ್ಸಿನಲ್ಲಿ ಇಳಿಯಲೆಂದು, ಒಂದೇ ಮಾತು ಆಡಿದ್ದೆ: "ಅಮ್ಮಾ, ಆ ಮಂಚದ ಬೊಂಬೆಯ ಬೆರಳು ಮುರಿದಿದೆ. ಭಿನ್ನವಾಗಿದೆ."

ಈ ವರ್ಷ ಐದನೆಯ ಮೆಟ್ಟಿಲ ಮೂಲೆ ಖಾಲಿ ಇತ್ತು.

"ಆ ಮಂಚದ್ದು?" ಎಂದೆ.

"ನೀವೇ ಹೇಳಿದ್ರಲ್ಲ ಮೇಷ್ಟ್ರೇ, ಭಿನ್ನ ಅಂತ. ಅಂಥದ್ದು ಮನೇಲಿಟ್ಕೋಬಾರ್ದು. ಅವತ್ತೇ ಅರಳೀಕಟ್ಟೇಲಿ ಇಟ್ಬಂದೆ." ಲಕ್ಷ್ಮೀದೇವಮ್ಮ ನಕ್ಕರು. "ನಿಮಗೂ ಅದು ಕಂಡ್ರಾಗ್ತಿರ್ಲಿಲ್ಲ ಬಿಡಿ. ಆ ಭಿನ್ನ ತೋರಿಸಿದ್ದು ಬಿಟ್ರೆ, ಏಳು ವರ್ಷದಲ್ಲಿ ಒಂದ್ಸಲ ಅದರ ಕಡೆ ತಿರುಗಿದ್ರಾ? ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ವೇ? ತಗೊಳ್ಳಿ."

ಶೆಟ್ಟಿ ದಂಪತಿಯನ್ನು ಎತ್ತಿ ನನ್ನ ಕೈಗಿಟ್ಟರು.

ಅರಳೀಕಟ್ಟೆಯಲ್ಲಿ ಗಾಜೊಡೆದ ದೇವರ ಪಟಗಳು, ಮಳೆಗೆ ಮುಖ ಕರಗಿದ ಗಣಪತಿಗಳು. ಮಂಡಿಯೂರಿ ಎಲೆ ಸರಿಸಿ ಹುಡುಕಿದೆ. ಹೊದಿಕೆಯ ಒಂದು ಮಡಿಕೆ ಸಿಕ್ಕಿತು, ಉಗುರಿನಷ್ಟು, ಬೆಳ್ಳಗೆ. ನಗು ಸಿಗಲಿಲ್ಲ.

ಬಸ್ಸಿನಲ್ಲಿ ಪಕ್ಕದವನು, "ಸಕತ್ತಾಗಿವೆ ಸಾರ್ ಬೊಂಬೆ," ಎಂದ. ಹೌದೆಂದೆ.

ಬಾಗಿಲು ತೆರೆದ ಬನಶಂಕರಿ ಶೆಟ್ಟಿ ದಂಪತಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಹೊಗಳಿದ್ದೇ ಸಿಕ್ತಲ್ಲ," ಎಂದಳು. ನಗಲಿಲ್ಲ.