ಎರಡನೇ ಕ್ಯಾಮೆರಾದ ವೈರು

"ಈಗ ನೋಡು!" ಏಣಿಯ ಮೇಲಿದ್ದ ಗಂಡನ ದನಿ ಮೊಬೈಲಿನಲ್ಲಿ ಕೂಗಿತು.

ಯಂತ್ರಗಳ ಪುಟ್ಟ ಕೋಣೆಯಲ್ಲಿ ಪರದೆಯ ಮುಂದೆ ಕುಳಿತಿದ್ದ ಹೆಂಡತಿ ಜಾಯ್‌ಸ್ಟಿಕ್ ಅಲುಗಿಸಿದಳು. ಗೋಡೆಯಾಚೆಯ ಸಭಾಂಗಣದಲ್ಲಿ ಮೊದಲ ಕ್ಯಾಮೆರಾ ವಿಧೇಯವಾಗಿ ಕತ್ತು ತಿರುಗಿಸಿತು. ಅದರಿಂದ ಮುಂದಕ್ಕೆಳೆದ, ಜಾಯ್‌ಸ್ಟಿಕ್ಕಿನ ಆಜ್ಞೆ ಒಯ್ಯುವ ಸೀರಿಯಲ್ ವೈರಿನ ತುದಿಯಲ್ಲಿದ್ದ ಎರಡನೆಯದು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಇಲ್ಲ ರೀ. ಮಿಸುಕ್ತಾನೇ ಇಲ್ಲ."

"ಹಾಗಾದ್ರೆ ವೈರೇ ಕೆಟ್ಟಿದೆ. ಸೀಲಿಂಗ್ ಬಿಚ್ಚಿ ಹೊಸದು ಎಳೀಬೇಕು."

ಏಣಿಯ ಕೆಳಗೆ ನಿಂತಿದ್ದ ಮ್ಯಾನೇಜರಮ್ಮನ ದನಿಯೂ ಕೇಳಿಸಿತು. "ನಾಳೆ ಬೆಳಿಗ್ಗೆ ಮೀಟಿಂಗು, ಈಗ ಸೀಲಿಂಗ್ ಬಿಚ್ತೀರಾ? ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ, ಬೇರೆಯವರನ್ನ ಕರೆಸ್ತೀನಿ."

ವೈರನ್ನು ಹೆಂಡತಿಯೇ ಪರೀಕ್ಷೆ ಮಾಡಿ ಕೊಟ್ಟಿದ್ದಳು. ಕೆಟ್ಟಿದ್ದು ಅವನ ಕಣ್ಣು. ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರೂ ಇಂದು ನಾಳೆ ಎಂದು ತಳ್ಳುತ್ತಲೇ ಬಂದಿದ್ದ. ಕಸುಬಿನವರೆಲ್ಲ ಅವನನ್ನು ಏಣಿರಾಯ ಎಂದೇ ಕರೆಯುತ್ತಿದ್ದರು. ಕಣ್ಣಿನ ಸುದ್ದಿ ಹೊರಬಿದ್ದರೆ ಮತ್ತೆ ಯಾರೂ ಏಣಿ ಹತ್ತಗೊಡುವುದಿಲ್ಲ ಎಂದು ಅವನಿಗೆ ಭಯ. ಇಷ್ಟು ಮಂಜಾದ ಕಣ್ಣಲ್ಲೂ ಹತ್ತುತ್ತಿದ್ದಾನಲ್ಲ ಎಂದು ಇವಳಿಗೆ ಭಯ. ಆ ಮಾತೆತ್ತಿದರೆ ಸಾಕು, ಮೂತಿ ಊದಿಸಿಕೊಂಡು ಕೂತುಬಿಡುತ್ತಿದ್ದ. ಆ ಊದಿದ ಮೂತಿ ಕಂಡರೂ ಅವಳಿಗೆ ಮುದ್ದೇ ಬರುತ್ತಿತ್ತು, ಅದೇ ತಾಪತ್ರಯ.

ಮೊದಲ ಕ್ಯಾಮೆರಾವನ್ನು ಅವನತ್ತ ತಿರುಗಿಸಿ ಝೂಮ್ ಮಾಡಿದಳು. ಅವನು ಬಿಚ್ಚಿ ಹಿಡಿದಿದ್ದ ಕ್ಯಾಮೆರಾದ ಬೆನ್ನಿನಲ್ಲಿ ಅಕ್ಕಪಕ್ಕ ಒಂದೇ ಥರದ ಎರಡು ತೂತುಗಳಿದ್ದವು. ಹಳೆಯ ಮಾದರಿಯಲ್ಲಿ ವೈರು ಬಂದು ಸೇರುವುದು ಎಡಗಡೆಯದಕ್ಕೆ. ಈ ಹೊಸದರಲ್ಲಿ ಬಲಗಡೆಯದಕ್ಕೆ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಅವನು ಬೆರಳಲ್ಲಿ ತಡವಿ, ರೂಢಿಯಂತೆ ಎಡಕ್ಕೇ ಚುಚ್ಚಿದ್ದ.

ಅವನ ಮೊಬೈಲು ಸ್ಪೀಕರಿನಲ್ಲಿತ್ತು. ಇವಳು ಬಲಗಡೆ ಎಂದರೆ, ಅಲ್ಲೇ ಬರೆದಿರುವುದು ಕಾಣಲಿಲ್ಲವೇ ಎಂದು ಮ್ಯಾನೇಜರಮ್ಮ ಕೇಳದೆ ಬಿಡುವವರಲ್ಲ.

"ರೀ, ಒಂದ್ಸಲ ಕಿತ್ತು ಹಾಕಿ. ಹಾಗೇ ಆ ಕಡೆ ಕ್ಯಾಮೆರಾ ಹೇಗೆ ತಿರುಗುತ್ತೆ ಅಂತ ಸ್ವಲ್ಪ ನೋಡ್ತಾ ಇರಿ."

ಅವನು ಕಿತ್ತು ಮತ್ತೆ ಎಡಕ್ಕೆ ಒಯ್ದ. ಅವಳು ಜಾಯ್‌ಸ್ಟಿಕ್ಕನ್ನು ಎಡಬಲಕ್ಕೆ ಆಡಿಸಿದಳು. ಸಭಾಂಗಣದ ಆಚೆ ತುದಿಯಲ್ಲಿ ಮೊದಲ ಕ್ಯಾಮೆರಾ ಬೇಡ ಬೇಡ ಎಂದು ತಲೆಯಾಡಿಸಿತು. ಪರದೆಯ ಮೇಲೆ ಗಂಡನೇ ಏಣಿ ಸಮೇತ ಜೋಲಿ ಹೊಡೆದಂತೆ ಕಂಡ. ಮಂಜಿನಲ್ಲೂ ಆ ಅಲುಗಾಟ ಕಂಡು ಅವನ ಕೈ ಅಲ್ಲೇ ನಿಂತಿತು. ಬಲಕ್ಕೆ ಸರಿದಾಗ ಕ್ಯಾಮೆರಾ ಹೂಂ ಹೂಂ ಎಂದು ಗೋಣು ಹಾಕಿತು. ಚುಚ್ಚಿದ. ಎರಡನೇ ಕ್ಯಾಮೆರಾ ಅವನ ಕೈಯೊಳಗೇ ಎಚ್ಚೆತ್ತು ಮುಖ ತಿರುಗಿಸಿತು.

"ಅಬ್ಬಾ! ಇದನ್ನ ಮೊದಲೇ ಮಾಡಬಾರದಿತ್ತಾ?" ಎನ್ನುತ್ತ ಮ್ಯಾನೇಜರಮ್ಮ ಹೊರಟುಹೋದರು.

ಅವನು ಕ್ಯಾಮೆರಾವನ್ನು ಕಂಬಕ್ಕೆ ಬಿಗಿದ. ಇನ್ನು ಮುನಿಸು ಶುರು ಎಂದುಕೊಂಡಳು.

"ಯಾವಾಗಿಂದ ಗೊತ್ತು ನಿಂಗೆ, ಇಷ್ಟು ಕಾಣಲ್ಲ ಅಂತ?"

"ಸಕ್ಕರೆ ಅಂತ ಉಪ್ಪು ಹಾಕ್ಕೊಂಡು, ಟೀ ಚೆನ್ನಾಗಿದೆ ಅಂದ್ರಲ್ಲ, ಅವತ್ತಿಂದ."

ಅವನು ಜೋರಾಗಿ ನಕ್ಕ. ಆಮೇಲೆ ದನಿ ತಗ್ಗಿಸಿ, "ಭಯ ಆಗುತ್ತೆ ಕಣೇ" ಎಂದ. "ಹತ್ತೋವಾಗ ಅಲ್ಲ, ಇಳಿಯೋವಾಗ. ಮೆಟ್ಟಿಲೇ ಕಾಣಲ್ಲ. ಡಾಕ್ಟರಿಗೆ ಫೋನ್ ಮಾಡು. ಈ ವಾರಾನೇ ಬರ್ತೀವಿ ಅನ್ನು."

ಅವಳು ಕುರ್ಚಿ ಹಿಂದಕ್ಕೆ ತಳ್ಳಿದಳು. "ಅಲ್ಲೇ ಇರಿ, ಬಂದು ಏಣಿ ಹಿಡ್ಕೋತೀನಿ."

"ಬೇಡ. ಅಲ್ಲೇ ಕೂತು ಹೇಳು. ನಿಂಗೆ ಅಲ್ಲಿಂದ ಚೆನ್ನಾಗಿ ಕಾಣುತ್ತೆ." ಅವನು ಆಗಲೇ ಒಂದು ಕಾಲು ಕೆಳಗೆ ಬಿಟ್ಟಿದ್ದ.

"ಇನ್ನು ಸ್ವಲ್ಪ ಕೆಳಗೆ. ಹಾಂ, ಇಡಿ. ಈಗ ಎಡಗಾಲು. ನಿಧಾನ ರೀ, ಯಾರೂ ಅಟ್ಟಿಸಿಕೊಂಡು ಬಂದಿಲ್ಲ." ಅವನು ಇಳಿದಷ್ಟೂ ಅವಳು ಮೊದಲ ಕ್ಯಾಮೆರಾದ ನೋಟವನ್ನು ಇಳಿಸುತ್ತ ಹೋದಳು. ಪರದೆಯಲ್ಲಿ ಅವನ ಪಾದ ಪ್ರತಿಸಲವೂ ಗಾಳಿಯಲ್ಲಿ ಹುಡುಕಾಡಿ, ಅವಳ ಮಾತು ಕೇಳಿದ ಮೇಲೆ ಊರುತ್ತಿತ್ತು.

ಎರಡೂ ಕಾಲು ಕೆಳಗೆ ಬಂದ ಮೇಲೂ ಅವನು ಏಣಿ ಬಿಡಲಿಲ್ಲ. ಇನ್ನೊಂದು ಮೆಟ್ಟಿಲಿದೆ ಎಂಬಂತೆ ಹೆಬ್ಬೆರಳಿನಿಂದ ಮೆಲ್ಲಗೆ ತಡವುತ್ತಿದ್ದ.

"ನೆಲ ಬಂತು ರೀ" ಎಂದಳು ಅವಳು.