ನಿರ್ವಾತದ ಮಡಿ

ಶ್ರೀಶೈಲನಿಗೆ ಮನೆತನದ ಅಡ್ಡಹೆಸರು ಇರಲಿಲ್ಲ.

"ಅಡ್ಡಹೆಸರಿಲ್ಲದಾವ ಅಂದ್ರ ಚೀಟಿ ಹಚ್ಚದ ಬಾಟ್ಲಿ ಇದ್ದಂಗ. ಒಳಗ ಔಷಧ ಅದನೋ ವಿಷ ಅದನೋ, ಮೂಸಿ ನೋಡಬೇಕು," ಎಂದು ತೊರವಿ ಸರ್ ತುಂಬಿದ ಸೆಮಿನಾರಿನಲ್ಲಿ ಹೇಳಿದ್ದರು. ಕನ್ನಡ ಬಾರದವರಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಇನ್ನೊಂದು ಸಲ ನಗಿಸಿದ್ದರು.

ಸರ್ ಮೂಲತಃ ವಿಜಯಪುರದವರು. 'ನಮ್ಮ ಕಡೇ ಹುಡುಗ' ಎಂದೇ ಅವನನ್ನು ಪಿಎಚ್‌ಡಿಗೆ ತೆಗೆದುಕೊಂಡಿದ್ದರು. ನಮ್ಮ ಕಡೆಯ ಹುಡುಗನಾದ್ದರಿಂದ ಮುಲುಂಡಿನ ಅವರ ಮನೆಗೆ ಅಕ್ಕಿಚೀಲ ಹೊರುವುದು, ಅವರ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಒಯ್ಯುವುದು ಅವನ ಪಾಲಿಗೆ ಬಂದಿತ್ತು. ಚೀಲವನ್ನು ಹೊಸ್ತಿಲ ಹೊರಗೆ ಇಳಿಸಬೇಕು. ಒಳಗೆ ಎಳೆದುಕೊಳ್ಳಲು ಬೇರೆ ಆಳಿದ್ದ.

ಫಿಸಿಕ್ಸ್ ವಿಭಾಗದ ನೆಲಮಾಳಿಗೆಯಲ್ಲಿ ಅವರ ಲ್ಯಾಬ್. ಲ್ಯಾಬಿನ ನಡುವೆ ಉಕ್ಕಿನ ಡ್ರಮ್ಮಿನಂಥ ಚೇಂಬರ್. ಪಂಪು ಹಚ್ಚಿ ಅದರೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಆ ನಿರ್ವಾತದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಪದರ ಬೆಳೆಸಬೇಕು. ಬೆವರಿನ ಹನಿ, ಬೆರಳಿನ ಜಿಡ್ಡು ಏನೂ ಒಳಗೆ ತಾಗಬಾರದು. ತಾಗಿದರೆ ತೊಳೆದು, ಹೀಟರ್ ಪಟ್ಟಿ ಸುತ್ತಿ, ವಾರಗಟ್ಟಲೆ ಕಾಯಿಸಬೇಕು. ಆ ಯಂತ್ರಕ್ಕೂ ಮಡಿಯಿತ್ತು. ಆದರೆ ಅದು ಬೆರಳು ಯಾರದೆಂದು ಕೇಳುತ್ತಿರಲಿಲ್ಲ.

ಲ್ಯಾಬಿನ ಬಾಗಿಲಾಚೆ ಚಪ್ಪಲಿ ಸ್ಟ್ಯಾಂಡ್. ಅದರ ಕೆಳಗಿನ ಹಲಗೆಯಲ್ಲಿ ಅಂಗಾರನ ಚಪ್ಪಲಿ ಇದ್ದವು. ಶ್ರೀಶೈಲನಿಗಿಂತ ಮೊದಲು ಇದೇ ಸರ್ ಕೈಕೆಳಗೆ ಓದುತ್ತಿದ್ದ ಹುಡುಗ ಅವನು. ಒಂದು ಸಂಜೆ ಬರಿಗಾಲಲ್ಲಿ ರೈಲು ಸ್ಟೇಷನ್ ಕಡೆ ನಡೆದವನು ತಿರುಗಿ ಬರಲಿಲ್ಲ. ಮುಂದೇನಾಯಿತೆಂದು ಲ್ಯಾಬಿನಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಟೆಂಡರ್ ಕಾಂತಪ್ಪ ಗುಡಿಸುವಾಗಲೆಲ್ಲ ಆ ಚಪ್ಪಲಿಗಳನ್ನು ಎತ್ತಿ, ಒರೆಸಿ, ಅಲ್ಲೇ ಇಡುತ್ತಿದ್ದ.

ಬೊರಿವಲಿಯಲ್ಲಿ ಗಟಾರದ ಪೈಪ್ ಹಾಕಲು ತೋಡಿದ ಗುಂಡಿ ಕುಸಿದು ಶ್ರೀಶೈಲನ ಅಪ್ಪ ಶೆಟ್ಟೆಪ್ಪ ಸತ್ತ. ಮಣ್ಣು ಮಾಡಿದ ಮೂರನೆಯ ದಿನಕ್ಕೇ ಮಗ ಬೋಳುತಲೆಯಲ್ಲಿ ಲ್ಯಾಬಿಗೆ ಬಂದ. ಬಾರದೆ ವಿಧಿಯಿರಲಿಲ್ಲ. ಸೋಮವಾರ ದಿಲ್ಲಿಯಿಂದ ಕಮಿಟಿ ಬರುವುದಿತ್ತು. ಅವರೆದುರು ಪದರ ಬೆಳೆಸಿ ತೋರಿಸಿದರೆ ಪ್ರಬಂಧ ಸಲ್ಲಿಸಬಹುದು. ಇಲ್ಲವಾದರೆ ಅವನ ಅವಧಿ ಅಲ್ಲಿಗೇ ಮುಗಿಯುತ್ತಿತ್ತು.

ಚೇಂಬರಿನ ಕಿಂಡಿ ಬಿಚ್ಚಿ, ತಾನೇ ಸಿದ್ಧಮಾಡಿಕೊಂಡು ಬಂದಿದ್ದ ಸ್ಯಾಂಪಲ್ಲುಗಳನ್ನು ಚಿಮಟದಿಂದ ಒಳಗೆ ಇಡುತ್ತಿದ್ದಾಗ ಸರ್ ಬಂದರು. ಬೋಳುತಲೆ ನೋಡಿ ಅಲ್ಲೇ ನಿಂತರು.

"ಯಾರು ಹೋದ್ರು?"

"ಅಪ್ಪ, ಸರ್."

"ಮತ್ತ ಸೂತಕದಾಗ ಮಷೀನ್ ಮುಟ್ಟೀ ಏನಲೇ?"

"ಗ್ಲೋವ್ಸ್ ಹಾಕ್ಕೊಂಡೀನ್ರಿ ಸರ್."

"ಗ್ಲೋವ್ಸಿಗೆ ಸೂತಕ ನಿಂದ್ರತದೇನೋ ಮಂಗ್ಯಾನ ಮಗನ! ಎಷ್ಟು ಓದಿದ್ರೂ ಕೇರಿ ಬುದ್ಧಿ ಬಿಡ್ಲಿಲ್ಲ. ಹೊರಗ ನಿಂದ್ರು."

ಅವನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತ. ಸರ್ ಫೋನ್ ಹಚ್ಚಿದರು. ಊಟದ ಹೊತ್ತಿಗೆ ಮಾಟುಂಗಾದಿಂದ ಆಚಾರ್ರು ತಾಮ್ರದ ಚೆಂಬು ಹಿಡಿದು ಬಂದರು. ಚೆಂಬಿನಲ್ಲಿ ಪಂಚಗವ್ಯ: ಹಾಲು, ಮೊಸರು, ತುಪ್ಪ, ಗಂಜಳ, ಸಗಣಿ. ಬಾಗಿಲಿನ ಗಾಜಿನಿಂದ ಶ್ರೀಶೈಲ ನೋಡುತ್ತಿದ್ದ. ಗೋಡೆಗೆ ಚಿಮುಕಿಸಿದರು, ಮೇಜಿಗೆ ಚಿಮುಕಿಸಿದರು. ಚಿಮುಕಿಸಲಿ, ಒರೆಸಿದರಾಯಿತು ಅಂದುಕೊಂಡ.

"ಇವನ ಕೈ ಒಳಗೇ ಹೋಗಿತ್ತು ಆಚಾರ್ರ," ಎಂದರು ಸರ್. "ಒಳಗೂ ಎರಡು ಹನಿ ಬಿಡ್ರಿ."

ಶ್ರೀಶೈಲ ಗಾಜನ್ನು ಗುದ್ದಿದ. "ಸರ್! ಬ್ಯಾಡ್ರಿ! ತುಪ್ಪ ಐತ್ರಿ ಅದರಾಗ, ಚೇಂಬರ್ ಸಾಯ್ತೈತ್ರಿ!"

ಜೊತೆಗೆ ಓದುತ್ತಿದ್ದ ಸ್ನೇಹಲ್ ಟಾರ್ಚ್ ಹಿಡಿದು ನಿಂತಿದ್ದಳು. ಅವಳಿಗೂ ಗೊತ್ತಿತ್ತು. ಅವನ ಕಡೆ ಒಮ್ಮೆ ನೋಡಿ, ಆಚಾರ್ರಿಗೆ ಕಿಂಡಿ ಕಾಣುವಂತೆ ಬೆಳಕು ಹಿಡಿದಳು. ಪಂಚಗವ್ಯದಲ್ಲಿ ಅದ್ದಿದ ದರ್ಭೆ ಒಳಗೆ ಹೋಗಿ ಬಂತು.

ಆ ಮೇಲೆ ಕೆಲಸಕ್ಕೆ ಮತ್ತೆ ಅವನನ್ನೇ ಒಳಗೆ ಕರೆದರು. ಪಂಪು ಎಷ್ಟು ಎಳೆದರೂ ಮೀಟರಿನ ಮುಳ್ಳು ಕೆಳಗಿಳಿಯಲಿಲ್ಲ. ಪಂಪಿನ ಸದ್ದು ಬೇರೆಯಾಗಿತ್ತು, ಗೂರಲು ಹತ್ತಿದವರ ಉಸಿರಿನಂತೆ.

"ಬಿಚ್ಚಿ ತೊಳೀಬೇಕ್ರಿ ಸರ್," ಎಂದ ಶ್ರೀಶೈಲ. "ಕಾಯಿಸಬೇಕು. ಸೋಮವಾರಕ್ಕ ಆಗಂಗಿಲ್ಲ."

"ಪಂಚಗವ್ಯದಿಂದ ಕೆಟ್ಟದ ಅಂತ ನನ್ನ ಮುಂದ ಹೇಳ್ತೀ? ಕೆಟ್ಟದ್ದು ನಿನ್ನ ಕೈಗುಣದಿಂದ. ಹಚ್ಚು ಕರೆಂಟು."

ಹಚ್ಚಿದ. ಒಳಗೆ ಒಮ್ಮೆ ಕೆಂಪಗೆ ಬೆಳಗಿ, ಲೋಹ ಕಾಯಿಸುವ ಫಿಲಮೆಂಟ್ ತಂತಿ ಚಟ್ಟೆಂದು ಹರಿಯಿತು. ಕಿಂಡಿಯ ಗಾಜು ಒಳಗಿನಿಂದ ಮಸಿ ಹಿಡಿಯಿತು. ಸ್ಯಾಂಪಲ್ಲುಗಳು ಕಾಣದಾದವು.

ಸರ್ ಮಸಿ ಹಿಡಿದ ಗಾಜನ್ನು ಬಗ್ಗಿ ನೋಡಿದರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟರು. ಅಷ್ಟು ವರ್ಷಗಳಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಕಮಿಟಿ ಮುಂದ ತಪ್ಪು ನಂದು ಅನ್ನು. ಅಪ್ಪ ಸತ್ತಿದ್ದ, ಲಕ್ಷ್ಯ ಇರಲಿಲ್ಲ ಅನ್ನು. ಮುಂದಿಂದು ನಾ ನೋಡ್ಕೋತೀನಿ. ನಮ್ಮ ಕಡೇ ಹುಡುಗ ನೀನು."

"ಬೋಲ್ ದೇ ನಾ ಯಾರ್," ಎಂದಳು ಸ್ನೇಹಲ್ ಕಾರಿಡಾರಿನಲ್ಲಿ. "ಸಾರಿ ಬೋಲ್‌ನೇ ಮೇ ಕ್ಯಾ ಜಾತಾ ಹೈ?" ಸಾರಿ ಅಂದರೆ ಗಂಟೇನು ಹೋಗುತ್ತದೆ ಎಂಬಂತೆ.

ಕಾಂತಪ್ಪ ಕಸಬರಿಕೆ ನಿಲ್ಲಿಸಿ ಅವಳು ದೂರ ಹೋಗುವುದನ್ನು ಕಾದ. "ಅಂಗಾರನತ್ರವೂ ಹೀಗೇ ಹೆಗಲಿಗೆ ಕೈ ಹಾಕಿ ಹೇಳಿದ್ದು ಮಾರಾಯ," ಎಂದ. "ಪಾಪ, ಅವ ಒಪ್ಪಿದ. ಆಮೇಲೆ ಅವನ ಬಾಯಿಯಿಂದಲೇ ಬಂದ ಮಾತು ಹಿಡಿದು ಅವನನ್ನು ತೆಗೆದ್ರು."

ಆಂಟಾಪ್ ಹಿಲ್ಲಿನ ಖೋಲಿಯಲ್ಲಿ ಅವ್ವ ಚಂದ್ರವ್ವ ಗೋಡೆಗೆ ಒರಗಿ ಕೂತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳಿಗೆ ಚೇಂಬರ್ ತಿಳಿಯಲಿಲ್ಲ. ಪಂಚಗವ್ಯ ತಿಳಿಯಿತು.

"ನಿನ್ನ ಕೈ ತಾಗಿದ್ದಕ್ಕ ಸಗಣಿ ಸುರದ್ರ? ಅವನ ಬಾಯಾಗ ಹುಳಾ ಬೀಳ್ಲಿ, ಭಾಡ್ಕೋ!" ಎಂದಳು. ಆಮೇಲೆ ತಣ್ಣಗೆ ಕೇಳಿದಳು, "ತಪ್ಪು ಒಪ್ಪಿಕೊಂಡ್ರ ಏನ್ ಕೊಡ್ತಾನಂತ?"

"ಡಿಗ್ರಿ ಕೊಡಸ್ತೀನಿ ಅಂತಾನ."

"ನಿಮ್ಮಪ್ಪನ ಹೆಣ ಇಟಗೊಂಡು ಕಾಂಟ್ರ್ಯಾಕ್ಟರ್ ನನಗೂ ಅಂದ. 'ಕುಡುದು ಇಳದಿದ್ದ, ತಪ್ಪು ಅವಂದಾ ಅನ್ನು, ಬಾಯೀ' ಅಂದ. ನಿಮ್ಮಪ್ಪ ಕೊಳ್ಳಾಗ ಲಿಂಗದಕಾಯಿ ಕಟಗೊಂಡ ಮಡಿವಂತ ಅಲ್ಲ ಖರೆ, ಶೆರೇ ಮುಟ್ಟಿದಾಂವೂ ಅಲ್ಲ. ಹೂಂ ಅಂದೆ. ಹೆಣ ಕೊಟ್ಟ." ಅವಳು ಅವನ ಬೋಳುತಲೆಯನ್ನೇ ನೋಡಿದಳು. "ಒಪ್ಪಿಕೊಂಡ್ರ ಅವರು ಹೆಣಾನ ಕೊಡ್ತಾರೋ ಯಪ್ಪಾ. ಬ್ಯಾರೇ ಏನೂ ಕೊಡಂಗಿಲ್ಲ."

ಸೋಮವಾರ ಕಮಿಟಿಯವರು ನೆಲಮಾಳಿಗೆಗೆ ಇಳಿದರು. ಶಾಲು, ಗುಲಾಬಿ, ಬಿಸ್ಕೀಟು ಆದವು. ಅವರೆಲ್ಲ ಕಾಲಿಗೆ ನೀಲಿ ಚೀಲ ತೊಟ್ಟು ಲ್ಯಾಬಿನೊಳಗೆ ನಿಂತಿದ್ದರು.

ಹೊರಗೆ ಶ್ರೀಶೈಲ ತನ್ನ ಚಪ್ಪಲಿ ಕಳಚಿ ಸ್ಟ್ಯಾಂಡಿಗಿಟ್ಟ. ಬಗ್ಗಿ ಅಂಗಾರನ ಚಪ್ಪಲಿ ತೆಗೆದು ಮೆಟ್ಟಿಕೊಂಡ. ಒಂದು ಬೆರಳಷ್ಟು ಸಣ್ಣವಿದ್ದವು. ಮೆಟ್ಟಿಕೊಂಡೇ ಒಳಗೆ ಬಂದ. ಚಪ್ಪಲಿಯ ಸದ್ದಿಗೆ ಎಲ್ಲರೂ ತಿರುಗಿದರು.

ಅವನು ಪಂಪು ಆರಿಸಿದ. ಗಾಳಿ ಬಿಡುವ ತಿರುಪು ತೆರೆದ. ಸೀಳಿದ ಉಸಿರಿನಂತೆ ಸದ್ದು ಮಾಡುತ್ತ ಗಾಳಿ ಒಳನುಗ್ಗಿತು. ಸ್ಪ್ಯಾನರ್ ಹಿಡಿದು ಬೋಲ್ಟು ಬಿಚ್ಚತೊಡಗಿದ.

"ಮುಚ್ಚಲೇ ಸೂಳೀಮಗನ," ಎಂದರು ತೊರವಿ ಸರ್ ಕನ್ನಡದಲ್ಲಿ, ಮುಖದ ಮೇಲಿನ ನಗು ಅಳಿಯದಂತೆ.

ಕಿಂಡಿ ತೆರೆಯಿತು. ಸುಟ್ಟ ಸಗಣಿ, ಸೀದ ತುಪ್ಪದ ನಾತ ತಣ್ಣನೆಯ ಲ್ಯಾಬನ್ನೆಲ್ಲ ತುಂಬಿತು. ಕಮಿಟಿಯವರು ಕರವಸ್ತ್ರ ಮೂಗಿಗೆ ಒತ್ತಿಕೊಂಡರು.

"ಮೂಸಿ ನೋಡಿ," ಎಂದ ಶ್ರೀಶೈಲ ಇಂಗ್ಲಿಷಿನಲ್ಲಿ. "ನನ್ನ ಕೈ ತಾಗಿತೆಂದು ಇದರೊಳಗೆ ಪಂಚಗವ್ಯ ಹಾಕಿಸಿದರು. ಹಾಕಿಸಿದವರು ಇವರು. ಬೆಳಕು ಹಿಡಿದವಳು ಇವಳು."

ಸ್ನೇಹಲ್ ನೆಲ ನೋಡಿದಳು. ಕಮಿಟಿಯ ಹಿರಿಯರು ಕರವಸ್ತ್ರ ತೆಗೆಯದೆ ಅವನ ಚಪ್ಪಲಿಯನ್ನು ನೋಡಿದರು, ತಲೆಯನ್ನು ನೋಡಿದರು.

"ಪೂರಾ ನಾಮ್?"

"ಶ್ರೀಶೈಲ ಶೆಟ್ಟೆಪ್ಪ."

"ಆಗೇ?" ಮುಂದಿನ ಅಡ್ಡಹೆಸರು ಬೇಕಿತ್ತು ಅವರಿಗೆ.

"ಆಗೇ ಕುಛ್ ನಹೀಂ."

ಅವರು ತೊರವಿ ಸರ್ ಕಡೆ ತಿರುಗಿ ತಲೆಯಾಡಿಸಿದರು. ಊಟ ಮೇಲಿನ ಮಹಡಿಯಲ್ಲಿತ್ತು. ಎಲ್ಲರೂ ಹತ್ತಿಹೋದರು.

ಮರುದಿನ ಬೆಳಿಗ್ಗೆ ಅವನ ಕಾರ್ಡಿಗೆ ಲ್ಯಾಬಿನ ಬಾಗಿಲು ತೆರೆಯಲಿಲ್ಲ. ಕೆಂಪು ದೀಪ ಹೊತ್ತಿ ಆರಿತು. ಮತ್ತೊಮ್ಮೆ ಒತ್ತಿದ, ಮತ್ತೆ ಕೆಂಪು. ಸ್ಟ್ಯಾಂಡಿನ ಕೆಳಗಿನ ಹಲಗೆಯಲ್ಲಿ, ಅಂಗಾರನವು ಇರುತ್ತಿದ್ದ ಜಾಗದಲ್ಲಿ, ಹಿಂದಿನ ದಿನ ಅವನು ಕಳಚಿಟ್ಟ ಚಪ್ಪಲಿ ಇದ್ದವು. ಕಾಂತಪ್ಪ ಆಗಲೇ ಅವನ್ನು ಒರೆಸಿ ಇಟ್ಟಿದ್ದ.

ಹೋದದ್ದು ಒಂದು ಫಿಲಮೆಂಟ್, ಒಂದು ಪಂಪು, ನಾಲ್ಕು ಸ್ಯಾಂಪಲ್, ಐದು ವರ್ಷ. ಮನುಷ್ಯರ ಲೆಕ್ಕದಲ್ಲಿ, ಆ ಸ್ಟ್ಯಾಂಡಿನಲ್ಲಿ ಚಪ್ಪಲಿ ಬಿಟ್ಟುಹೋದವರು, ಅಲ್ಲಿಯವರೆಗೆ, ಇಬ್ಬರು.